ಮಾನ್ಯವರ್ ಸೈಕಲ್ಲು, ನಮ್ಮನೆ ಸ್ಪ್ಯಾನರು



ಏಪ್ರಿಲ್ 14ರ ಸೈಕಲ್ ಜಾಥಾಗೆ ಹುಡುಗರು ರೆಡಿಯಾಗ್ತಿದ್ದಾರೆ. ನೀಲಿ ಬಾವುಟ, ಟೀ ಶರ್ಟು, ಬ್ಯಾನರಿನ ಫೋಟೋಗಳು ದಿನಾ ಗ್ರೂಪಿಗೆ ಬರ್ತಿವೆ. ಒಬ್ಬ ತಮ್ಮ ಮಾತ್ರ ಬೇರೆ ಪ್ರಶ್ನೆ ಕೇಳಿದ: "ಅಣ್ಣಾ, ರಿಪೇರಿಗೆ ಮನೇಲಿ ಏನೇನು ಸಾಮಾನು ಇಟ್ಕೋಬೇಕು? ಆನ್‌ಲೈನಲ್ಲಿ ನಲವತ್ತು ಸಾಮಾನಿನ ಬಾಕ್ಸ್ ಇದೆ, ತಗೊಳ್ಲಾ?" ಬೇಡ ಅಂದೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

1981ರ ಡಿಸೆಂಬರ್ 6ರಂದು ಡಿಎಸ್-4 ಕಟ್ಟಿದಾಗ ಮಾನ್ಯವರ್ ಕಾನ್ಶಿರಾಮ್ ಅವರ ಹಿಂದೆ ದುಡ್ಡಿನ ಕುಳಗಳಿರಲಿಲ್ಲ, ಪತ್ರಿಕೆಗಳೂ ನಮ್ಮವಲ್ಲ. ಇದ್ದದ್ದು ಎರಡು ಕಾಲು, ಎರಡು ಚಕ್ರ. 1983ರ ಮಾರ್ಚಿನಲ್ಲಿ ದೆಹಲಿಯಿಂದ ಹೊರಟು, ಸುಮಾರು ನೂರು ಸೈಕಲ್ ಸವಾರರ ಜೊತೆ ಏಳು ರಾಜ್ಯಗಳಲ್ಲಿ ಸುತ್ತಿದರು. ಅದೇ ವರ್ಷ ಡಿಸೆಂಬರ್ 6ಕ್ಕೆ ಕನ್ಯಾಕುಮಾರಿಯೂ ಸೇರಿ ದೇಶದ ಬೇರೆ ಬೇರೆ ಮೂಲೆಗಳಿಂದ ಶುರುವಾದ ನೂರು ದಿನದ ಹೋರಾಟ 1984ರ ಮಾರ್ಚ್ 15ಕ್ಕೆ ದೆಹಲಿಯಲ್ಲಿ ಮುಗಿಯಿತು. ಅದಾಗಿ ತಿಂಗಳಿಗೆ, ಏಪ್ರಿಲ್ 14ಕ್ಕೆ ಬಿಎಸ್‌ಪಿ ಹುಟ್ಟಿತು. ಈ ಕತೆ ಹೇಳುವಾಗ ನಾವು ಭಾಷಣ ನೆನೀತೀವಿ, ಘೋಷಣೆ ನೆನೀತೀವಿ. ನೂರು ಸೈಕಲ್ಲು ವಾರಗಟ್ಟಲೆ ಓಡಿದ್ರೆ ಎಷ್ಟು ಪಂಕ್ಚರ್ ಆಗಿರಬೇಡ, ಎಷ್ಟು ಕಡ್ಡಿ ಮುರಿದಿರಬೇಡ? ಸಭೆ ಮುಗಿದ ಮೇಲೆ ಯಾರೋ ಒಬ್ಬರು ಕೂತು ಟ್ಯೂಬಿಗೆ ತೇಪೆ ಹಾಕಿರಲೇಬೇಕಲ್ಲ. ಅವರ ಕೈಗೆ ಯಾವ ವೇದಿಕೆಯಲ್ಲೂ ನಾವು ಹಾರ ಹಾಕಿಲ್ಲ.

ಆ ಕಾಲದ ಸೈಕಲ್ಲೇ ಈ ಕೆಲಸಕ್ಕೆ ಅನುಕೂಲವಾಗಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ರ‍್ಯಾಲೀ, ಬಿಎಸ್ಎ, ಹರ್ಕ್ಯುಲಿಸ್ ಎಲ್ಲ ಇಂಗ್ಲೆಂಡಿನಿಂದ ಬರ್ತಿದ್ವು. ಅದನ್ನ ತುಳಿಯೋರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. 1949ರಲ್ಲಿ ಮದ್ರಾಸಿನಲ್ಲಿ ಟಿಐ, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ. ಎಲ್ಲರೂ ಮಾಡಿದ್ದು ಹೆಚ್ಚುಕಮ್ಮಿ ಅದೇ ಇಂಗ್ಲಿಷ್ ಮಾದರಿಯ ಸೈಕಲ್: 28 ಇಂಚಿನ ಚಕ್ರ, ಸರಳಿನ ಬ್ರೇಕು, ಕಾಟರ್ ಪಿನ್ ಹೊಡೆದ ಪೆಡಲ್ ಕಾಲು. ಕಂಪನಿ ಬೇರೆಯಾದ್ರೂ ಒಬ್ಬರ ಸಾಮಾನು ಇನ್ನೊಬ್ಬರ ಸೈಕಲ್ಲಿಗೆ ಹೆಚ್ಚಾಗಿ ಕೂರ್ತಿತ್ತು. ಕೈಗೆ ಸಿಕ್ಕ ನಾಲ್ಕು ಸ್ಪ್ಯಾನರಲ್ಲಿ ಬಹುತೇಕ ಎಲ್ಲ ಬಿಚ್ಚಬಹುದಿತ್ತು.

ಆದ್ರೆ ಆ ನಾಲ್ಕು ಸ್ಪ್ಯಾನರ್ ಯಾರ ಅಂಗಡೀಲಿದ್ವು?

ನಮ್ಮಪ್ಪ ಕೂಲಿ ದುಡ್ಡು ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡಿದ್ರು. ಊರೊಳಗಿನ ಬೀದಿ ಬಂದ್ರೆ ಇಳಿದು ತಳ್ಕೊಂಡು ಹೋಗಬೇಕು. ಹೋಬಳಿಯ ಸೈಕಲ್ ಶಾಪಲ್ಲಿ ಬೇರೆಯವರು ತಾವೇ ಪಂಪು ಎತ್ಕೊಂಡು ಗಾಳಿ ಹೊಡ್ಕೋತಿದ್ರು. ಅಪ್ಪ ಮುಟ್ಟೋ ಹಾಗಿರಲಿಲ್ಲ. ಅಂಗಡಿಯವನು ಬೀಡಿ ಸೇದಿ, ಟೀ ಕುಡಿದು, ಮನಸ್ಸು ಬಂದಾಗ ಎದ್ದು ಹೊಡೀಬೇಕು. ಅಲ್ಲೀತನಕ ಬಿಸಿಲಲ್ಲಿ ನಿಂತಿರಬೇಕು, ಆ ಕಡೆ ಕೂಲಿ ಹೊತ್ತು ಮೀರ್ತಿರುತ್ತೆ. ಆಯುಧಪೂಜೆ ದಿನ ಅದೇ ಪಂಪಿಗೆ ಕುಂಕುಮ ಹಚ್ಚಿ ಕೈ ಮುಗೀತಿದ್ರು! ಒಂದ್ಸಲ ಸಿಟಿಗೆ ಹೋದ ಅಪ್ಪ ಸ್ವಂತ ಪಂಪು ತಗೊಂಡು ಬಂದ್ರು. ಮನೇಲಿ ಮಂಚ ಇರಲಿಲ್ಲ, ಪಂಪು ಬಂತು. ವಾರದೊಳಗೆ ಕೇರಿಯಲ್ಲಿದ್ದ ಅಷ್ಟೂ ಸೈಕಲ್ಲು ನಮ್ಮನೆ ಮುಂದೆ.

ಅದಕ್ಕೇ ನಾನು ಹೇಳೋದು, ಮೊದಲು ಪಂಪು ತಗೊಳ್ಳಿ. ಕಾಲಲ್ಲಿ ಮೆಟ್ಟಿ ಹಿಡಿದು ಹೊಡೆಯೋ ಉದ್ದದ್ದು. ಹಳೇ ಸೈಕಲ್ಲಿನ ವಾಲ್ವ್ ಬೇರೆ, ಈಗಿನ ಎಷ್ಟೋ ಗೇರ್ ಸೈಕಲ್ಲಲ್ಲಿ ಇರೋದು ಬೈಕಿನ ಥರದ್ದು. ಎರಡಕ್ಕೂ ಕೂರುತ್ತಾ ಅಂತ ನೋಡಿ ತಗೊಳ್ಳಿ. ಆಮೇಲೆ ಟೈರ್ ಲಿವರ್ ಎರಡು (ಸ್ಕ್ರೂಡ್ರೈವರ್ ಹಾಕಿ ಎಬ್ಬಿದ್ರೆ ಟ್ಯೂಬು ಇನ್ನೊಂದು ಕಡೆ ತೂತು), ಸೊಲ್ಯೂಷನ್, ಉಪ್ಪು ಕಾಗದ. ಹತ್ತು ತೂತಿನ ಗುಂಡು ಸ್ಪ್ಯಾನರ್ ದಾರಿ ಮಧ್ಯದ ಆಪತ್ತಿಗೆ ಸಾಕು, ಮನೇಲಿ ಅದನ್ನೇ ಬಳಸಿದ್ರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. 8ರಿಂದ 17ರವರೆಗೆ ಬೇಕಾದ ಸೈಜಿನವನ್ನ ಒಂದೊಂದಾಗಿ, ಒಳ್ಳೇ ಉಕ್ಕಿನದ್ದು ತಗೊಳ್ಳಿ. ನಲವತ್ತರ ಬಾಕ್ಸಲ್ಲಿ ಹೊಳಪು ಜಾಸ್ತಿ, ಗಟ್ಟಿತನ ಕಮ್ಮಿ, ಅರ್ಧಕ್ಕರ್ಧ ನಿಮ್ಮ ಸೈಕಲ್ಲಿಗೆ ಕೂರೋದೇ ಇಲ್ಲ. ಪೆಡಲಿಗೆ 15ರದ್ದು ಬೇಕು. ನೆನಪಿರಲಿ, ಎಡಗಡೆ ಪೆಡಲಿನ ಮರೆ ಉಲ್ಟಾ. ಕಡ್ಡಿ ಬಿಗಿಯೋ ಕೀ ನಿಪ್ಪಲ್ ಮೇಲೆ ಅಲ್ಲಾಡದೆ ಕೂರಬೇಕು, ಒಂದ್ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಚಕ್ರದ ಔಟ್ ತೆಗೆಯೋಕೆ ಬೇಕಾಗಿರೋದು ಸಹನೆ. ಗೇರ್ ಸೈಕಲ್ಲಾದ್ರೆ 4, 5, 6ರ ಅಲೆನ್ ಕೀ, ಒಂದು ಚೈನ್ ಕಟರ್. ಫ್ರೀವೀಲ್ ಬಿಚ್ಚೋದು, ಕ್ರ್ಯಾಂಕ್ ಎಳೆಯೋದು, ಇವು ವರ್ಷಕ್ಕೊಂದು ಸಲ ಬೇಕಾಗೋವು. ಹತ್ತು ಜನ ಸೇರಿ ಒಂದು ತಗೊಂಡ್ರೆ ಆಯ್ತು.

ಇನ್ನು ಕೆಲವರಿಗೆ ಗುಜರಿಯಿಂದ ಹಳೇ ಫ್ರೇಮ್ ತಂದು ತಾವೇ ಸೈಕಲ್ ಕಟ್ಟೋ ಆಸೆ. ಕಟ್ಟಿ, ಆದ್ರೆ ಮೊದಲು ಅಳತೆ ಟೇಪ್ ಹಿಡೀರಿ. ಹಿಂದಿನ ಹಬ್ಬಿನ ಅಗಲ, ಕಡ್ಡಿ ತೂತಿನ ಲೆಕ್ಕ, ನಿಮ್ಮ ಕಾಲಿನ ಉದ್ದ. ಕಂಪನಿ ಅಳತೆಗೆ ನಮ್ಮ ಮೈ ಬಗ್ಗಬೇಕಿಲ್ಲ. ಅಮೆರಿಕದ ಕಪ್ಪು ಸೈಕಲ್ ಪಟು ಮೇಜರ್ ಟೇಲರ್ ಹುಡುಗನಾಗಿದ್ದಾಗ ಇಂಡಿಯಾನಾಪೊಲಿಸ್‌ನ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. 1894ರಲ್ಲಿ ಅಲ್ಲಿನ ಸೈಕಲ್ ಸವಾರರ ಸಂಘ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ನಿಯಮ ಮಾಡ್ತು. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಅವರೇ ವಿಶ್ವ ಚಾಂಪಿಯನ್. ಹ್ಯಾಂಡಲ್ಲನ್ನ ಮುಂದಕ್ಕೆ ಚಾಚಿ ತನ್ನ ಮೈಗೆ ಹೊಂದಿಸ್ಕೊಳ್ಳೋ ಸ್ಟೆಮ್ ಒಂದನ್ನ ಅವರು ಬಳಸ್ತಿದ್ರು, ಅದಕ್ಕೆ ಅವರ ಹೆಸರೇ ನಿಂತಿದೆ. ಸಂಘ ಬಾಗಿಲು ಹಾಕಬಹುದು, ಸ್ಪ್ಯಾನರ್ ಕೈಲಿದ್ದೋನ ಸೈಕಲ್ಲು ನಿಲ್ಲಲ್ಲ.

ನಮ್ಮಲ್ಲಿ ನಿಂತಿರೋ ಸೈಕಲ್ ಬೇಕಾದಷ್ಟಿವೆ. 2006-07ರಿಂದ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಹೈಸ್ಕೂಲು ದೂರ ಇದ್ದ ನಮ್ಮ ಹೆಣ್ಣುಮಕ್ಕಳಿಗೆ ಅದು ದೊಡ್ಡ ವಿಷಯ. ಆದ್ರೆ ನಮ್ಮ ಕೇರಿಗೆ ಸೈಕಲ್ ಬಂತು, ರಿಪೇರಿ ಕಲಿಸೋರು ಬರಲಿಲ್ಲ. ಒಂದು ಪಂಕ್ಚರ್, ಒಂದು ಮುರಿದ ಕಡ್ಡಿ, ಅಷ್ಟಕ್ಕೇ ಗೋಡೆಗೆ ಒರಗಿ ತುಕ್ಕು ಹಿಡಿದ ಎಷ್ಟೋ ಸೈಕಲ್ಲುಗಳ ಮೇಲೆ ಈಗ ಬಟ್ಟೆ ಒಣಗ್ತಿವೆ.

ಹೋದ ವರ್ಷ ಚಂದಾ ಎತ್ತಿ ಮೇಲೆ ಹೇಳಿದ ಸಾಮಾನೆಲ್ಲ ತಂದು ಅಂಬೇಡ್ಕರ್ ಭವನದ ಬೀರುವಲ್ಲಿ ಇಟ್ಟಿದ್ದೀವಿ. ಬೀಗದ ಕೈ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಹತ್ರ. ತಗೊಂಡೋರು ರಿಜಿಸ್ಟರಲ್ಲಿ ಸಹಿ ಹಾಕಬೇಕು, ಗುಮಾಸ್ತೆ ಕೆಲಸದಲ್ಲಿ ನಾನು ಕಲಿತ ವಿದ್ಯೆ ಇಷ್ಟಕ್ಕಾದ್ರೂ ಬಂತು. ಅಂದಹಾಗೆ, ಸಹಿ ಹಾಕದೆ ಚೈನ್ ಕಟರ್ ತಗೊಂಡು ಹೋದ ಮಹಾನುಭಾವರು ಜಾಥಾಗೆ ಮುಂಚೆ ವಾಪಸ್ ಇಡಿ.