ನಿಷೇಧವಿದ್ದೂ ನಿಲ್ಲದ ಪ್ರಯೋಗ: ಸನ್‌ಸ್ಕ್ರೀನ್ ಘಟಕಗಳು ಮತ್ತು ಐರೋಪ್ಯ ಕಾನೂನು

ಸೌಂದರ್ಯವರ್ಧಕಗಳ ಘಟಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಐರೋಪ್ಯ ಒಕ್ಕೂಟ 2009ರ ಮಾರ್ಚ್ 11ರಿಂದ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಮಾರಾಟಕ್ಕೂ 2013ರಲ್ಲಿ ಪೂರ್ಣ ತಡೆ ಬಿತ್ತು. ಆದರೆ ಒಂದು ಕಾನೂನು ಮುಚ್ಚಿದ ಬಾಗಿಲನ್ನು ಇನ್ನೊಂದು ತೆರೆದಿದೆ. ಹೋಮೋಸಲೇಟ್ ಮತ್ತು ಈಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್ ಎಂಬ ಎರಡು ಸನ್‌ಸ್ಕ್ರೀನ್ ಘಟಕಗಳ ಪ್ರಕರಣ ಇದಕ್ಕೆ ಸಾಕ್ಷಿ.

ಇವನ್ನು ತಯಾರಿಸುವ ಜರ್ಮನಿಯ ಸಿಮ್‌ರೈಸ್ ಕಂಪನಿ, ಇವುಗಳ ಬಳಕೆ ಸೌಂದರ್ಯವರ್ಧಕಗಳಲ್ಲಿ ಮಾತ್ರ ಎಂದು ವಾದಿಸಿತ್ತು. ಹೆಲ್ಸಿಂಕಿಯಲ್ಲಿರುವ ಐರೋಪ್ಯ ರಾಸಾಯನಿಕ ಸಂಸ್ಥೆ 2018ರಲ್ಲಿ, ರಾಸಾಯನಿಕಗಳ ನೋಂದಣಿ ಮತ್ತು ಸುರಕ್ಷತೆಗಾಗಿ ಒಕ್ಕೂಟ ಮಾಡಿರುವ ರೀಚ್ ನಿಯಮದ ಪ್ರಕಾರ ಹೊಸ ಪ್ರಾಣಿ ಪ್ರಯೋಗಗಳನ್ನು ಕೇಳಿತು. ಕಂಪನಿಯ ಮೇಲ್ಮನವಿ 2020ರಲ್ಲಿ ವಜಾ ಆಯಿತು. ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ ಕೂಡ 2023ರ ನವೆಂಬರ್ 22ರಂದು ಸಂಸ್ಥೆಯ ನಿರ್ಧಾರವನ್ನೇ ಎತ್ತಿಹಿಡಿಯಿತು. ಸೌಂದರ್ಯವರ್ಧಕ ಕಾನೂನು ಬಳಕೆದಾರರಿಗೆ ಸಂಬಂಧಿಸಿದ್ದು, ಕಾರ್ಖಾನೆಯ ಕಾರ್ಮಿಕರ ಸುರಕ್ಷತೆಗೆ ರೀಚ್ ಪರೀಕ್ಷೆ ಕೇಳಬಹುದು ಎಂಬುದು ತೀರ್ಪಿನ ತಿರುಳು.

ಕೇಳಿದ ಪರೀಕ್ಷೆ ಎಂಥದ್ದು? ಗರ್ಭಿಣಿ ಇಲಿ ಅಥವಾ ಮೊಲದ ಗಂಟಲಿಗೆ ನಳಿಕೆ ಇಳಿಸಿ ಪ್ರತಿದಿನ ರಾಸಾಯನಿಕ ಕುಡಿಸುತ್ತಾರೆ. ಹೆರಿಗೆಗೆ ಸ್ವಲ್ಪ ಮುಂಚೆ ತಾಯಿಯನ್ನು ಕೊಂದು, ಗರ್ಭಕೋಶ ಬಿಚ್ಚಿ, ಭ್ರೂಣಗಳ ಮೂಳೆ, ಒಳಾಂಗಗಳನ್ನು ಒಂದೊಂದಾಗಿ ನೋಡುತ್ತಾರೆ. ಮುಂದಿನ ತಲೆಮಾರಿನವರೆಗೆ ಸಾಗುವ ಸಂತಾನೋತ್ಪತ್ತಿ ಪರೀಕ್ಷೆಯಲ್ಲಿ ಮರಿಗಳನ್ನೂ ಸೇರಿಸಿದರೆ ಸಾವಿರಕ್ಕೂ ಹೆಚ್ಚು ಇಲಿಗಳು ಬಲಿಯಾಗುತ್ತವೆ.

ಕಾರ್ಮಿಕರ ಸುರಕ್ಷತೆ ಹಗುರ ಮಾತಲ್ಲ. ಆದರೆ ಅದನ್ನು ಮುಂದಿಟ್ಟು ನಿಷೇಧವನ್ನು ಪೊಳ್ಳಾಗಿಸುವುದನ್ನು ಒಪ್ಪಲಾಗದು. ಮುಚ್ಚಿದ ಪಾತ್ರೆ, ಕೈಗವಸು, ಗಾಳಿಯ ವ್ಯವಸ್ಥೆ ಇರುವ ಕಡೆ ಕೆಲಸಗಾರರ ಮೈಗೆ ರಾಸಾಯನಿಕ ಎಷ್ಟು ತಾಗುತ್ತದೆ ಎಂಬುದನ್ನು ಮೊದಲು ಅಳೆಯಬೇಕು. ಅಳೆಯದೆ ಮೊಲದ ಹೊಟ್ಟೆಗೆ ಸುರಿಯುವುದು ವಿಜ್ಞಾನದ ಕ್ರಮವೂ ಅಲ್ಲ.

ಭ್ರೂಣಕ್ಕೆ ಆಗುವ ಹಾನಿಯನ್ನು ಪೂರ್ತಿಯಾಗಿ ತಿಳಿಸುವ ಒಂದೇ ಪರ್ಯಾಯ ಪರೀಕ್ಷೆ ಇನ್ನೂ ಇಲ್ಲ. ಎದುರಿನ ವಾದದಲ್ಲಿ ಗಟ್ಟಿಯಾದದ್ದು ಇದೇ. ಆದರೆ ತಿಳಿಯದ್ದನ್ನು ಎದುರಿಸಲು ಬಳಕೆಯನ್ನು ತಗ್ಗಿಸುವ ದಾರಿಯೂ ಇದೆ. ಹೋಮೋಸಲೇಟ್ ವಿಷಯದಲ್ಲೇ ಒಕ್ಕೂಟ 2022ರಲ್ಲಿ ಅದನ್ನು ಮುಖಕ್ಕೆ ಹಚ್ಚುವ ಉತ್ಪನ್ನಗಳಿಗೆ ಸೀಮಿತಗೊಳಿಸಿ, ಪ್ರಮಾಣವನ್ನು ಶೇ. 7.34ಕ್ಕೆ ಇಳಿಸಿತು. ಬೇರೆ ಕೆಲವು ಪ್ರಶ್ನೆಗಳಿಗೆ ಪ್ರಾಣಿಗಳಿಲ್ಲದ ಪರೀಕ್ಷೆಗಳೂ ಇವೆ: ವಸ್ತು ಬೆಳಕಿನಿಂದ ವಿಷಕಾರಿಯಾಗುತ್ತದೆಯೇ ಎಂಬುದನ್ನು ಜೀವಕೋಶಗಳ ಮೇಲೆಯೇ ನೋಡುವ ವಿಧಾನಕ್ಕೆ, ಚರ್ಮದ ಮೂಲಕ ಎಷ್ಟು ಇಳಿಯುತ್ತದೆ ಎಂದು ಬೇರ್ಪಡಿಸಿದ ಚರ್ಮದ ತುಣುಕಿನಲ್ಲಿ ಅಳೆಯುವ ವಿಧಾನಕ್ಕೆ 2004ರಲ್ಲೇ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) ಮಾನ್ಯತೆ ದೊರೆತಿದೆ.

ಭಾರತ 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳ ಪ್ರಾಣಿ ಪ್ರಯೋಗವನ್ನೂ, ಅದೇ ವರ್ಷದ ನವೆಂಬರ್‌ನಲ್ಲಿ ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ನಿಷೇಧಿಸಿತು. ಇಲ್ಲಿಯೂ ರೀಚ್ ಮಾದರಿಯ ರಾಸಾಯನಿಕ ನಿಯಮಗಳ ಕರಡು ಸಿದ್ಧವಾಗಿದೆ. ಸೌಂದರ್ಯವರ್ಧಕದಲ್ಲಷ್ಟೇ ಬಳಸುವ ಘಟಕಗಳಿಗೆ ಈ ನಿಷೇಧವೇ ಅನ್ವಯಿಸುತ್ತದೆ ಎಂಬ ಸ್ಪಷ್ಟ ವಾಕ್ಯ ಅದರಲ್ಲಿ ಬರಬೇಕು. ಕಾರ್ಮಿಕರ ಸಂಪರ್ಕವನ್ನು ಅಳೆದ ದಾಖಲೆಯನ್ನು ನೋಂದಣಿಯ ಮೊದಲ ಷರತ್ತನ್ನಾಗಿ ಮಾಡಬೇಕು.