ಮರಳು ಹೊದ್ದ ರಾಜಧಾನಿ

ಕರ್ನಾಟಕದ ಭೂಪಟದಲ್ಲಿ ಮರುಭೂಮಿ ಇಲ್ಲ. ಆದರೂ ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿ, ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದವರು ಮರಳುಗಾಡಿಗೆ ಬಂದೆವೇನೋ ಎಂದು ಬೆರಗಾಗುತ್ತಾರೆ. ಒಂದು ಕಡೆ ತುಂಬಿದ ಕಾವೇರಿ, ಇನ್ನೊಂದು ಕಡೆ ಹಸಿರು ಬತ್ತದ ಗದ್ದೆ, ನಡುವೆ ದಿಬ್ಬ ದಿಬ್ಬವಾಗಿ ಬಿದ್ದಿರುವ ಮರಳು. ದೇವಾಲಯಕ್ಕೆ ಹೋಗಬೇಕಾದರೆ ಇಲ್ಲಿ ಮೆಟ್ಟಿಲು ಹತ್ತುವುದಿಲ್ಲ, ಇಳಿಯಬೇಕು.

ಈ ಮರಳಿನ ಅಡಿಯಲ್ಲಿರುವುದು ಸಾಮಾನ್ಯ ಹಳ್ಳಿಯಲ್ಲ. ಕನ್ನಡ ನಾಡಿನ ಅತ್ಯಂತ ಹಳೆಯ ರಾಜವಂಶಗಳಲ್ಲಿ ಒಂದಾದ ಗಂಗರು ಇಲ್ಲಿಂದ ರಾಜ್ಯವಾಳಿದರು. ಚೋಳರು ಇದನ್ನು ಗೆದ್ದು ತಮ್ಮ ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನ ಇದನ್ನು ಮರಳಿ ಪಡೆದದ್ದನ್ನು ತನ್ನ ಬಿರುದಾಗಿ ಮಾಡಿಕೊಂಡ. ಅಂಥ ಪಟ್ಟಣ ಮರಳಿನಲ್ಲಿ ಹೂತುಹೋದದ್ದು ಹೇಗೆ?

ತಲವನಪುರದಿಂದ ರಾಜರಾಜಪುರಕ್ಕೆ

ತಲ ಮತ್ತು ಕಾಡ ಎಂಬ ಇಬ್ಬರು ಬೇಡ ಸಹೋದರರಿಂದ ಊರಿಗೆ ಈ ಹೆಸರು ಬಂತೆಂಬುದು ಸ್ಥಳಪುರಾಣ. ಕಾಡಾನೆಗಳು ಪೂಜಿಸುತ್ತಿದ್ದ ಮರವೊಂದನ್ನು ಅವರು ಕಡಿದಾಗ ರಕ್ತ ಸುರಿಯಿತಂತೆ. ಅದೇ ಮರದ ಎಲೆ ಕಾಯಿಗಳನ್ನು ಹಚ್ಚಿದಾಗ ಗಾಯ ಮಾಯಿತಂತೆ. ತನಗೆ ತಾನೇ ಚಿಕಿತ್ಸೆ ಮಾಡಿಕೊಂಡ ಶಿವ ಇಲ್ಲಿ ವೈದ್ಯೇಶ್ವರನಾದ. ಸಂಸ್ಕೃತ ಶಾಸನಗಳಲ್ಲಿ ಊರಿನ ಹೆಸರು ತಲವನಪುರ.

ಕೋಲಾರದಲ್ಲಿ ಆಳ್ವಿಕೆ ಆರಂಭಿಸಿದ ಗಂಗರು ಹರಿವರ್ಮನ ಕಾಲದಲ್ಲಿ ರಾಜಧಾನಿಯನ್ನು ತಲಕಾಡಿಗೆ ತಂದರು. ಗಂಗವಾಡಿ ತೊಂಬತ್ತಾರು ಸಾಸಿರದ ಕೇಂದ್ರ ಇದಾಯಿತು. ‘ಕವಿರಾಜಮಾರ್ಗ’ವು ಕನ್ನಡದ ಹಿಂದಿನ ಗದ್ಯ ಬರಹಗಾರರ ಸಾಲಿನಲ್ಲಿ ಹೆಸರಿಸುವ ದುರ್ವಿನೀತ ಈ ವಂಶದ ದೊರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. 8ನೇ ಶತಮಾನದ ಶ್ರೀಪುರುಷ ಆನೆಗಳ ಬಗ್ಗೆ ‘ಗಜಶಾಸ್ತ್ರ’ ಬರೆದವನೆಂದು ಹೆಸರಾದವನು. ಅವನು ಮಾನ್ಯಪುರವನ್ನೂ ತನ್ನ ನೆಲೆಯಾಗಿ ಮಾಡಿಕೊಂಡಿದ್ದ. ಆ ಮಾನ್ಯಪುರವೇ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಸೋಂಪುರ, ತ್ಯಾಮಗೊಂಡ್ಲು ಸೀಮೆಯ ಜನರಿಗೆ ತಲಕಾಡು ದೂರದ ಊರಾದರೂ ಚರಿತ್ರೆಯಲ್ಲಿ ಎರಡೂ ಒಂದೇ ಮನೆತನದವು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಇದೇ ಗಂಗರ ಮಂತ್ರಿ.

ಕ್ರಿ.ಶ. 1004ರ ಸುಮಾರಿಗೆ ತಂಜಾವೂರಿನ ಚೋಳರ ದಂಡು ತಲಕಾಡನ್ನು ಹಿಡಿಯಿತು. ರಾಜರಾಜ ಚೋಳನ ಹೆಸರಿನಲ್ಲಿ ಊರು ರಾಜರಾಜಪುರವಾಯಿತು. ಎದುರು ದಂಡೆಯ ಮಾಲಂಗಿ ಜನನಾಥಪುರವಾಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಈ ಆಡಳಿತವನ್ನು ಕೊನೆಗಾಣಿಸಿದ್ದು ಹೊಯ್ಸಳ ವಿಷ್ಣುವರ್ಧನ. 1116ರ ಸುಮಾರಿಗೆ ಅವನ ದಂಡನಾಯಕ ಗಂಗರಾಜ, ಚೋಳರ ಅಧಿಕಾರಿ ಆದಿಯಮನನ್ನು ಸೋಲಿಸಿದ. ‘ತಲಕಾಡುಗೊಂಡ’ ಎಂಬ ಬಿರುದು ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೂ ಕನ್ನಡ ಅಕ್ಷರಗಳಲ್ಲಿ ಅಚ್ಚಾಯಿತು. ಗೆಲುವಿನ ನೆನಪಿಗೆ ಅವನು ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ ಇಂದಿಗೂ ಊರಿನ ಮುಖ್ಯ ಸ್ಮಾರಕ.

ಶಾಪದ ಕಥೆ

ಇಷ್ಟೆಲ್ಲ ಚರಿತ್ರೆಯಿದ್ದರೂ ಜನರ ಬಾಯಲ್ಲಿ ನಿಂತಿರುವುದು ಅಲಮೇಲಮ್ಮನ ಕಥೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ಬೆನ್ನುಫಣಿ ರೋಗದಿಂದ ನರಳಿ, ವೈದ್ಯೇಶ್ವರನ ಮೊರೆಹೊಕ್ಕು ತಲಕಾಡಿಗೆ ಬಂದ ಎನ್ನುತ್ತದೆ ಐತಿಹ್ಯ. 1610ರಲ್ಲಿ ಮೈಸೂರಿನ ರಾಜ ಒಡೆಯರ್ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಧವೆಯಾದ ಅಲಮೇಲಮ್ಮನ ಬಳಿ ಇದ್ದ ಒಡವೆಗಳನ್ನು ತರಲು ಮೈಸೂರಿನ ಸೈನಿಕರು ಬೆನ್ನಟ್ಟಿದಾಗ ಆಕೆ ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರಿದಳಂತೆ. ಹಾರುವ ಮುನ್ನ ಮೂರು ಮಾತು ನುಡಿದಳಂತೆ: ತಲಕಾಡು ಮರಳಿನ ಪಾಲಾಗಲಿ, ಮಾಲಂಗಿ ಸುಳಿಯ ಮಡುವಾಗಲಿ, ಮೈಸೂರಿನ ಅರಸರಿಗೆ ಸಂತಾನವಿಲ್ಲದಿರಲಿ.

ಮೈಸೂರು ಅರಮನೆ ಈ ಕಥೆಯನ್ನು ತಳ್ಳಿಹಾಕಲಿಲ್ಲ. ಅಲಮೇಲಮ್ಮನ ಪ್ರತಿಮೆಗೆ ಅಲ್ಲಿ ಪೂಜೆ ಸಲ್ಲಿಸುವ ಸಂಪ್ರದಾಯ ಬೆಳೆಯಿತು. ಅರಸು ಮನೆತನದಲ್ಲಿ ಮತ್ತೆ ಮತ್ತೆ ನಡೆದ ದತ್ತು ಸ್ವೀಕಾರ ಜನರ ನಂಬಿಕೆಗೆ ಇಂಬು ಕೊಟ್ಟಿತು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ನಿಧನರಾದಾಗ ಪಟ್ಟಕ್ಕೆ ಬಂದವರು ಅವರ ತಮ್ಮನ ಮಗ. 2013ರಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರಿಗೂ ಮಕ್ಕಳಿರಲಿಲ್ಲ. 2015ರಲ್ಲಿ ದತ್ತಕರಾದ ಯದುವೀರ್ ಅವರಿಗೆ 2017ರಲ್ಲಿ ಗಂಡು ಮಗು ಹುಟ್ಟಿದಾಗ ಶಾಪ ವಿಮೋಚನೆಯಾಯಿತೇ ಎಂಬ ಮಾತು ನಾಡಿನಲ್ಲೆಲ್ಲ ಕೇಳಿಬಂತು.

ಅಣೆಕಟ್ಟು ಮತ್ತು ಗಾಳಿ

ಮರಳಿಗೆ ಬೇರೆಯೇ ಲೆಕ್ಕವಿದೆ. ರಾಜಸ್ಥಾನದ ಥಾರ್ ಮರುಭೂಮಿಗೆ ಕಾರಣ ಮಳೆಯ ಕೊರತೆ. ತಲಕಾಡಿನ ಮರಳು ನದಿ ತಂದದ್ದು. ಕಾವೇರಿ ಇಲ್ಲಿ ಬಾಗಿ ತಿರುಗುತ್ತದೆ. ನದಿ ತಿರುಗುವಲ್ಲಿ ಒಳಬದಿಯ ನೀರಿನ ವೇಗ ಕುಗ್ಗಿ, ಹೊತ್ತು ತಂದ ಮರಳನ್ನು ಅದು ಅಲ್ಲೇ ಇಳಿಸುತ್ತದೆ. ಪಾತ್ರ ಒಣಗಿದಾಗ ಈ ಮರಳು ಬಯಲಾಗುತ್ತದೆ. ನೈರುತ್ಯದಿಂದ ಬೀಸುವ ಬಲವಾದ ಗಾಳಿ ಅದನ್ನು ಊರಿನತ್ತ ತಳ್ಳುತ್ತದೆ.

ಹಾಗಾದರೆ ಶತಮಾನಗಳ ಕಾಲ ರಾಜಧಾನಿಯಾಗಿದ್ದಾಗ ಇಲ್ಲದ ಕಾಟ ಆಮೇಲೆ ಏಕೆ ಬಂತು? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ, ಲೇಖಕ ಡಾ. ಕೆ.ಎನ್. ಗಣೇಶಯ್ಯ ಅವರು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಚರ್ಚಿಸಿದರು. ಅವರ ವಾದ ಬೆರಳು ತೋರಿಸುವುದು 14ನೇ ಶತಮಾನದ ಒಂದು ಅಣೆಕಟ್ಟಿನತ್ತ. ವಿಜಯನಗರದ ಮಂತ್ರಿ ಮಾಧವ ತಲಕಾಡಿನ ಸಮೀಪ, ಮೇಲ್ಹರಿವಿನಲ್ಲಿ ಕಾವೇರಿಗೆ ಕಟ್ಟೆ ಕಟ್ಟಿಸಿ ನಾಲೆ ತೆಗೆಸಿದ. ನೀರು ಗದ್ದೆಗಳಿಗೆ ತಿರುಗಿತು, ತಿರುವಿನಲ್ಲಿ ನೀರಿನ ಮಟ್ಟ ಇಳಿದು ಮರಳು ಮೇಲೆದ್ದಿತು. ಗಾಳಿ ತನ್ನ ಕೆಲಸ ಆರಂಭಿಸಿತು. ಈ ವಾದ ಒಪ್ಪುವುದಾದರೆ ತಲಕಾಡಿನ ಅವನತಿ ಅಲಮೇಲಮ್ಮನಿಗಿಂತ ಎರಡು ಶತಮಾನಕ್ಕೂ ಮೊದಲೇ ಶುರುವಾಗಿತ್ತು. ಕಣ್ಣೆದುರು ನಡೆಯುತ್ತಿದ್ದ ಅನಾಹುತಕ್ಕೆ ಜನ ಕಂಡುಕೊಂಡ ಕಾರಣವೇ ಶಾಪವಾಯಿತು. ನೆಲದಾಳದ ಚಲನೆಯಿಂದ ನದಿಯ ಹರಿವು ಬದಲಾದದ್ದೂ ಕಾರಣವಿರಬಹುದು ಎಂಬ ಅಭಿಪ್ರಾಯ ಭೂವಿಜ್ಞಾನಿಗಳಲ್ಲಿದೆ.

ಇದರಲ್ಲೊಂದು ವಿಪರ್ಯಾಸವಿದೆ. ಊರನ್ನು ಮರಳಿಗೆ ಒಪ್ಪಿಸಿತೆಂದು ಹೇಳಲಾಗುವ ಮಾಧವಮಂತ್ರಿ ನಾಲೆಯೇ ಸುತ್ತಲಿನ ರೈತರ ಅನ್ನದ ಮೂಲವಾಯಿತು. ಹಳೆಯ ಪಟ್ಟಣ ಹೂತುಹೋದರೂ ತಲಕಾಡಿನ ಜನ ಊರು ಬಿಟ್ಟು ಹೋಗದಿರಲು ಆ ನೀರೇ ಕಾರಣ.

ಹಿಂದೆ ಸರಿದ ಊರು

ಜನ ಊರು ಬಿಡಲಿಲ್ಲ, ಮನೆಗಳನ್ನು ಬಿಟ್ಟರು. ಬಿ.ಎಲ್. ರೈಸ್ ಸಂಕಲಿಸಿದ ಮೈಸೂರು ಗೆಜೆಟಿಯರ್‌ನ ಪ್ರಕಾರ ದಿಬ್ಬಗಳು ವರ್ಷಕ್ಕೆ 9-10 ಅಡಿಯಂತೆ ಮುಂದೊತ್ತುತ್ತಿದ್ದವು. ಮರಳು ಹಿತ್ತಿಲಿಗೆ ಬಂದಾಗ ಜನ ಗಂಟುಮೂಟೆ ಕಟ್ಟಿ ಒಳನಾಡಿನತ್ತ ಸರಿದು ಹೊಸ ಮನೆ ಕಟ್ಟುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆಯೆಂಬ ಸ್ಥಳೀಯರ ಮಾತನ್ನೂ ಆ ಗೆಜೆಟಿಯರ್ ದಾಖಲಿಸಿದೆ. ಮುಂದೆ ದಿಬ್ಬಗಳ ಮೇಲೆ ನೀಲಗಿರಿ, ಗಾಳಿಮರಗಳನ್ನು ಬೆಳೆಸಲಾಯಿತು. ಬೇರುಗಳು ಮರಳನ್ನು ಹಿಡಿದವು. ಇಂದಿನ ಪ್ರವಾಸಿ ನಡೆಯುವುದು ಈ ತೋಪಿನ ನೆರಳಿನಲ್ಲೇ.

ಉಳಿದದ್ದನ್ನು ಹೊರತೆಗೆಯುವ ಕೆಲಸವೂ ನಡೆದಿದೆ. 1992-93ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿತು. ಆದರೆ ಮರಳಿನಲ್ಲಿ ಗುಂಡಿ ತೋಡುವುದು ಸುಲಭವಲ್ಲ; ತೋಡಿದಷ್ಟೂ ಪಕ್ಕದಿಂದ ಜಾರುತ್ತದೆ. ತೆರೆದ ಕಟ್ಟಡವನ್ನು ಮತ್ತೆ ಮುಚ್ಚದಂತೆ ಕಾಯುವುದು ಇನ್ನೂ ಕಷ್ಟ.

ಈ ಕಷ್ಟ ಎಲ್ಲರ ಕಣ್ಣಿಗೆ ಬೀಳುವುದು ಪಂಚಲಿಂಗ ದರ್ಶನದ ಸಮಯದಲ್ಲಿ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಹಾಗೂ ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ, ಇವೇ ಐದು ಲಿಂಗಗಳು. ಕಾರ್ತಿಕದ ಅಮಾವಾಸ್ಯೆ ಸೋಮವಾರ ಬಂದು, ವಿಶಾಖಾ ನಕ್ಷತ್ರವೂ ಕುಹಯೋಗವೂ ಕೂಡಿದಾಗ ಮಾತ್ರ ಈ ದರ್ಶನ. 2006, 2009, 2013ರಲ್ಲಿ ಲಕ್ಷಾಂತರ ಜನ ಸೇರಿದ್ದರು. 2020ರ ಡಿಸೆಂಬರ್‌ನಲ್ಲಿ ಕೊರೋನಾ ನಿರ್ಬಂಧಗಳ ನಡುವೆ ನಡೆಯಿತು. ಪ್ರತಿ ಸಲವೂ ಗುಡಿಗಳ ಸುತ್ತ ತುಂಬಿಕೊಂಡ ಮರಳನ್ನು ಮೊದಲು ತೆಗೆಯಬೇಕು. ಜಾತ್ರೆ ಮುಗಿದ ಮೇಲೆ ಅದು ನಿಧಾನವಾಗಿ ಹಿಂತಿರುಗುತ್ತದೆ.

ಒಂದು ಕಾಲಕ್ಕೆ ಊರನ್ನು ಓಡಿಸಿದ ಮರಳೇ ಇಂದು ಊರಿಗೆ ಪ್ರವಾಸಿಗಳನ್ನು ಕರೆತರುತ್ತಿದೆ. ರಜೆಯ ದಿನ ಮೈಸೂರು, ಬೆಂಗಳೂರಿನಿಂದ ಬರುವವರನ್ನು ನಂಬಿ ಅಂಗಡಿ, ಹೋಟೆಲುಗಳು ನಡೆಯುತ್ತವೆ, ತೆಪ್ಪಗಳು ನೀರಿಗಿಳಿಯುತ್ತವೆ. ಅವರಲ್ಲಿ ಬಹುಪಾಲು ಮಂದಿ ಶಾಪದ ಕಥೆ ಕೇಳಿ, ನದಿಯಲ್ಲಿ ಮಿಂದು ಹಿಂತಿರುಗುತ್ತಾರೆ. ಅವರು ತುಳಿದು ಹೋಗುವ ದಿಬ್ಬಗಳ ಅಡಿಯಲ್ಲಿ ದುರ್ವಿನೀತ, ಶ್ರೀಪುರುಷರ ತಲವನಪುರದ ಬಹುಭಾಗ ಇನ್ನೂ ಹಾಗೆಯೇ ಮಲಗಿದೆ.