ಆಕಾಶದಲ್ಲಿ ಮೆಫಿಸ್ಟೊಫಿಲಿಸ್

ಯೂಜೀನ್ ಡೆಲಕ್ರ್ವಾ (1798–1863)
ಕಲ್ಲಚ್ಚು, ಪ್ಯಾರಿಸ್‌ನಲ್ಲಿ ಪ್ರಕಟಣೆ, 1828

ಕೆಳಗೆ ಕತ್ತಲಲ್ಲಿ ಮುಳುಗಿದ ಊರು, ಚರ್ಚಿನ ಮೊನಚು ಗೋಪುರಗಳು. ಮೇಲೆ ರೆಕ್ಕೆ ಹರಡಿ ಹಾರುತ್ತಿರುವ ಬತ್ತಲೆ ಸೈತಾನ ಮೆಫಿಸ್ಟೊಫಿಲಿಸ್. ಅವನ ಉಗುರುಗಳನ್ನು ಹತ್ತಿರದಿಂದ ನೋಡಿ. ಮನುಷ್ಯನ ಮೈಗೆ ಹದ್ದಿನ ಕೈಕಾಲು ಜೋಡಿಸಿದಂತಿದೆ.

ಇಡೀ ಆಕಾಶ ತನ್ನದೇ ಎಂಬ ಗತ್ತು ಅವನದು. ಆದರೆ ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದ ಈ ಸನ್ನಿವೇಶದಲ್ಲಿ ಅವನು ಈಗಷ್ಟೇ ದೇವರ ಆಸ್ಥಾನದಲ್ಲಿ ಕೈಕಟ್ಟಿ ನಿಂತು, ವಿದ್ವಾಂಸ ಫೌಸ್ಟ್‌ನನ್ನು ದಾರಿ ತಪ್ಪಿಸಲು ಅಪ್ಪಣೆ ಪಡೆದಿದ್ದಾನೆ. ಆಗಾಗ ‘ಮುದುಕ’ನನ್ನು, ಅಂದರೆ ದೇವರನ್ನು, ಕಂಡು ಬರುವುದು ತನಗಿಷ್ಟ, ಅವನೊಡನೆ ಕೆಡಿಸಿಕೊಳ್ಳುವುದಿಲ್ಲ ಎನ್ನುತ್ತಾನೆ. ಮುಂದೆ ಫೌಸ್ಟ್‌ಗೂ ಅವನು ಆಳಾಗುತ್ತಾನೆ, ಆತ್ಮವನ್ನೇ ಸಂಬಳವಾಗಿ ಕೇಳುವ ಆಳು!

1825ರಲ್ಲಿ ಲಂಡನ್ನಿನ ರಂಗದ ಮೇಲೆ ಫೌಸ್ಟ್ ಕಥೆ ನೋಡಿದ್ದೇ ಡೆಲಕ್ರ್ವಾಗೆ ಪ್ರೇರಣೆ. ನಾಟಕದ ಫ್ರೆಂಚ್ ಅನುವಾದಕ್ಕೆ ಅವನು 17 ದೃಶ್ಯಗಳನ್ನೂ ಗಯಟೆಯ ಒಂದು ಭಾವಚಿತ್ರವನ್ನೂ ರಚಿಸಿದ. ಕಲ್ಲಚ್ಚಿನಲ್ಲಿ ಜಿಡ್ಡಿನ ಬಳಪದಿಂದ ನೇರ ಸುಣ್ಣಕಲ್ಲಿನ ಮೇಲೆ ಬರೆದು, ಒದ್ದೆ ಮಾಡಿ, ಶಾಯಿ ಉರುಳಿಸಿದರೆ ಗೆರೆಗಳಷ್ಟೇ ಶಾಯಿ ಹಿಡಿಯುತ್ತವೆ. ಬೆಳಕು ಬೇಕಾದ ಕಡೆ ಡೆಲಕ್ರ್ವಾ ಬಳಪವನ್ನು ಕೆರೆದು ತೆಗೆಯುತ್ತಿದ್ದ.

ಪ್ಯಾರಿಸ್ಸಿನ ವಿಮರ್ಶಕರಿಗೆ ಈ ಚಿತ್ರಗಳು ವಿಕಾರವಾಗಿ ಕಂಡವು. ವೈಮಾರ್‌ನಲ್ಲಿ 77ರ ಗಯಟೆ ಮಾತ್ರ 1826ರಲ್ಲೇ ಸರಣಿಯ ಎರಡು ಅಚ್ಚುಗಳನ್ನು ನೋಡಿ, ಕೆಲವು ದೃಶ್ಯಗಳಲ್ಲಿ ಈ ಯುವಕ ತನ್ನ ಕಲ್ಪನೆಯನ್ನೂ ಮೀರಿದ್ದಾನೆಂದು ಮೆಚ್ಚಿದ್ದ.